ಮೂಡಬಿದಿರೆ: ಬೆಳೆಯುವ ನಗರ, ಉಳಿಯಬೇಕಾದ ಪರಂಪರೆ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಜಿನಬಿಂಬ ಪ್ರತಿಷ್ಠೆಯ ಸಂಭ್ರಮ ಕೆಲವು ದಿನಗಳದು. ನಾಂದಿಮಂಗಲದಿಂದ ತೊಡಗಿ ಪಂಚಕಲ್ಯಾಣದ ವಿಧಿಗಳೆಲ್ಲ ಸಾಂಗವಾಗಿ ಮುಗಿದ ಮೇಲೆ ಚಪ್ಪರ ಇಳಿಯುತ್ತದೆ, ತೋರಣ ಬಾಡುತ್ತದೆ, ದೂರದಿಂದ ಬಂದ ನಂಟರು ತಂತಮ್ಮ ಊರುಗಳಿಗೆ ಮರಳುತ್ತಾರೆ. ಅನಂತರದ ಕೆಲಸ ಮಾತ್ರ ಮುಗಿಯುವಂಥದಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆರೆದು ದೀಪ ಹಚ್ಚಬೇಕು; ವರ್ಷವರ್ಷವೂ ಮಳೆಗೆ ಮೊದಲು ಮಾಡು ನೋಡಬೇಕು; ಐವತ್ತು ವರ್ಷ ಕಳೆದ ಮೇಲೆ ಇದನ್ನೆಲ್ಲ ನೋಡಿಕೊಳ್ಳುವವರನ್ನು ಇಂದೇ ಸಿದ್ಧಗೊಳಿಸಬೇಕು. ಬಸದಿಯನ್ನು ಕಟ್ಟುವುದು ಪುಣ್ಯದ ಕಾರ್ಯ. ಕಟ್ಟಿದ್ದನ್ನು ನಡೆಸಿಕೊಂಡು ಬರುವುದು ಅದಕ್ಕಿಂತಲೂ ಕಷ್ಟದ ಕಾರ್ಯ. ಈ ಮಾತಿಗೆ ತುಳುನಾಡಿನಲ್ಲಿ ಮೂಡಬಿದಿರೆಯಂಥ ನಿದರ್ಶನ ಬೇರೊಂದಿಲ್ಲ. ಬೆಳೆಯುತ್ತಿರುವ ಆ ಚಿಕ್ಕ ನಗರದ ನಿನ್ನೆಯನ್ನೂ ಇಂದನ್ನೂ ಅವಲೋಕಿಸುವುದು ಈ ಸಂದರ್ಭಕ್ಕೆ ಉಚಿತವಾಗಿದೆ.

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿ, ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಮೂಡಬಿದಿರೆ ಇದೆ. ಒಂದು ಕಾಲಕ್ಕೆ ಇದು ಬಿದಿರ ಮೆಳೆಗಳ ಸೀಮೆ. ಕಡಲ ಕರೆಯಲ್ಲಿ ಪಡುಬಿದಿರೆ, ಮೂಡಣ ದಿಕ್ಕಿನಲ್ಲಿ ಮೂಡಬಿದಿರೆ. ಸಂಸ್ಕೃತಜ್ಞರು ಇದನ್ನೇ ವೇಣುಪುರ, ವಂಶಪುರ ಎಂದು ಕರೆದರು. ವ್ರತಿಗಳ ನೆಲೆಯಾದುದರಿಂದ ವ್ರತಪುರವೆಂಬ ಹೆಸರೂ ಬಂದಿತು. ಯಾತ್ರಿಕರಿಗೆ ಇದು ಜೈನಕಾಶಿ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬುದು ಊರಿನ ಹಿರಿಯರ ಬಾಯಲ್ಲಿ ಇಂದಿಗೂ ಕೇಳಿಬರುವ ಲೆಕ್ಕ. ಈ ಲೆಕ್ಕದಲ್ಲಿ ಬಸದಿಯ ಜತೆಗೆ ದೇವಸ್ಥಾನವೂ ಕೆರೆಯೂ ಸೇರಿರುವುದು ಗಮನಾರ್ಹ. ಊರೆಂದರೆ ಇವು ಮೂರೂ ಕೂಡಿದ್ದು ಎಂದು ಹಿಂದಿನವರು ಬಗೆದಿದ್ದರು.

ಊರಿನ ಆದಿಯನ್ನು ಹೇಳುವ ಐತಿಹ್ಯ ಎಲ್ಲರಿಗೂ ಪರಿಚಿತವಾದುದೇ. ಶ್ರವಣಬೆಳಗೊಳದಿಂದ ಬಂದ ಮುನಿಯೊಬ್ಬರು ಈ ಕಾಡಿನಲ್ಲಿ ಹುಲಿಯೂ ಹಸುವೂ ವೈರ ಮರೆತು ಒಂದೆಡೆ ನೀರು ಕುಡಿಯುವುದನ್ನು ಕಂಡರಂತೆ. ಆ ನೆಲದ ಮಹಿಮೆಯನ್ನರಿತು ಶೋಧಿಸಿದಾಗ ಬಿದಿರ ಮೆಳೆಯ ನಡುವೆ ಪಾರ್ಶ್ವನಾಥ ಸ್ವಾಮಿಯ ಬಿಂಬ ದೊರೆಯಿತಂತೆ. ಅಲ್ಲಿಯೇ ಗುರುಬಸದಿ ನಿರ್ಮಾಣವಾಯಿತು. ಸಿದ್ಧಾಂತ ಗ್ರಂಥಗಳಿಗೆ ಆಶ್ರಯವಿತ್ತುದರಿಂದ ಅದಕ್ಕೆ ಸಿದ್ಧಾಂತ ಬಸದಿಯೆಂಬ ಹೆಸರೂ ಸಂದಿತು. ಐತಿಹ್ಯವನ್ನು ಇತಿಹಾಸದ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಪರಸ್ಪರ ಅಭಯವೇ ತಮ್ಮ ಊರಿನ ಅಡಿಗಲ್ಲು ಎಂದು ಜನ ನಂಬಿಕೊಂಡು ಬಂದರಲ್ಲ, ಆ ನಂಬಿಕೆಯೇ ದೊಡ್ಡ ಸಂಪತ್ತು.

ಬಸದಿಗಳ ಹೆಸರುಗಳನ್ನು ಕೇಳಿದರೆ ಊರಿನ ಇನ್ನೊಂದು ಚರಿತ್ರೆ ತೆರೆದುಕೊಳ್ಳುತ್ತದೆ. ಬಡಗ ಬಸದಿ, ಪಡು ಬಸದಿ, ಕೆರೆ ಬಸದಿ, ಕಲ್ಲು ಬಸದಿ, ಲೆಪ್ಪದ ಬಸದಿ ಎಂಬಿವು ದಿಕ್ಕು, ಸ್ಥಳ, ದ್ರವ್ಯಗಳಿಂದ ಬಂದ ಹೆಸರುಗಳು. ಶೆಟ್ಟರ ಬಸದಿ, ವಿಕ್ರಮ ಶೆಟ್ಟಿ ಬಸದಿ, ಕೋಟಿ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ ಎಂಬಿವು ಮನುಷ್ಯರ ಹೆಸರುಗಳು. ಇವರು ಅರಸರಲ್ಲ, ವರ್ತಕರು. ಘಟ್ಟದ ಮೇಲಿನ ನಾಡಿಗೂ ಕರಾವಳಿಯ ರೇವುಗಳಿಗೂ ನಡುವೆ ನಡೆದ ವ್ಯಾಪಾರದಲ್ಲಿ ಗಳಿಸಿದ್ದರ ಒಂದು ಪಾಲನ್ನು ಇವರು ಜಿನಾಲಯಕ್ಕೆ ಮುಡಿಪಾಗಿಟ್ಟರು. ಆದುದರಿಂದ ನಗರದ ಬೆಳವಣಿಗೆಯೇ ಪರಂಪರೆಗೆ ಶತ್ರುವೆಂಬ ಮಾತು ಮೂಡಬಿದಿರೆಯ ಮಟ್ಟಿಗೆ ಪೂರ್ಣ ಸತ್ಯವಲ್ಲ. ಊರು ಬೆಳೆದುದರಿಂದಲೇ ಬಸದಿಗಳೆದ್ದವು. ಬೆಳವಣಿಗೆಯ ಫಲದಲ್ಲಿ ಧರ್ಮಕ್ಕೆ ಪಾಲು ಸಲ್ಲುತ್ತಿತ್ತು ಎಂಬುದೇ ಅಂದಿನ ವಿಶೇಷ.

ಈ ಪಾಲುಗಾರಿಕೆಯ ಶಿಖರವೇ ಹೊಸಬಸದಿ. ತ್ರಿಭುವನ ತಿಲಕ ಚೂಡಾಮಣಿ ಚೈತ್ಯಾಲಯ. ಜನರ ಮಾತಿನಲ್ಲಿ ಸಾವಿರ ಕಂಬದ ಬಸದಿ. ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ 1430ರಲ್ಲಿ ಇದು ನಿರ್ಮಾಣಗೊಂಡಿತು. ಇದಾದ ಎರಡೇ ವರ್ಷಗಳಲ್ಲಿ, 1432ರಲ್ಲಿ, ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿ ಸ್ವಾಮಿಯ ಮಹಾಮೂರ್ತಿ ನಿಂತಿತು. ಆ ದಶಕ ತುಳುನಾಡಿನ ಜೈನರಿಗೆ ಎಂಥ ಉತ್ಸಾಹದ ಕಾಲವಾಗಿತ್ತು ಎಂಬುದನ್ನು ಇದರಿಂದಲೇ ಊಹಿಸಬಹುದು. ಮೂರು ಅಂತಸ್ತುಗಳ ಈ ಜಿನಾಲಯದ ಕೆಳಗಿನ ಅಂತಸ್ತು ಶಿಲೆಯದು. ಮೇಲಿನ ಭಾಗದಲ್ಲಿ ಮರದ ಕೆಲಸವಿದೆ. ಗರ್ಭಗೃಹದಲ್ಲಿ ಪಂಚಲೋಹದ ಚಂದ್ರನಾಥ ಸ್ವಾಮಿ ವಿರಾಜಮಾನರಾಗಿದ್ದಾರೆ. ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂಬುದು ಪ್ರಸಿದ್ಧವಾದ ಮಾತು. 1451ರಲ್ಲಿ ಭೈರಾದೇವಿ ಮಂಟಪ ಸೇರಿಕೊಂಡಿತು. ಅದರ ಅಧಿಷ್ಠಾನದ ಕೆತ್ತನೆಗಳಲ್ಲಿ ಆಫ್ರಿಕದ ಜಿರಾಫೆಯನ್ನೂ ಚೀನದ ಡ್ರಾಗನ್ನನ್ನೂ ಹೋಲುವ ಆಕೃತಿಗಳನ್ನು ಪ್ರವಾಸಿಗರು ಕುತೂಹಲದಿಂದ ಗುರುತಿಸುತ್ತಾರೆ. ಕಡಲಾಚೆಯ ಸುದ್ದಿ ಬಿದಿರೆಯ ಶಿಲ್ಪಿಗಳ ಉಳಿಯವರೆಗೂ ಮುಟ್ಟಿತ್ತೆಂದಾಯಿತು.

ಈ ಕಟ್ಟಡದ ಮಾಡನ್ನು ವಿಶೇಷವಾಗಿ ನೋಡಬೇಕು. ಘಟ್ಟದ ಮೇಲಿನ ದೇವಾಲಯಗಳಂತೆ ಇಲ್ಲಿ ಎತ್ತರದ ಶಿಲಾಶಿಖರವಿಲ್ಲ. ಮಲೆನಾಡಿನ ಮನೆಯಂತೆ ಇಳಿಜಾರಾದ ಮಾಡಿನ ಮೇಲೆ ಮಾಡು. ಇದನ್ನು ಕಂಡ ಪಾಶ್ಚಾತ್ಯ ವಿದ್ವಾಂಸ ಜೇಮ್ಸ್ ಫರ್ಗುಸನ್ ನೇಪಾಳದ ವಾಸ್ತುವನ್ನು ನೆನೆದನು. ಆದರೆ ಇದರ ಕಾರಣವನ್ನು ಹುಡುಕಲು ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಆಕಾಶವೇ ಹರಿದು ಬೀಳುವಂಥ ಆಷಾಢ ಶ್ರಾವಣಗಳ ಮಳೆಗೆ ಈ ನಾಡಿನ ಬಡಗಿಯೂ ಶಿಲ್ಪಿಯೂ ಕೂಡಿ ಕೊಟ್ಟ ಉತ್ತರವಿದು. ನೀರು ನಿಲ್ಲಬಾರದು, ಹರಿದುಹೋಗಬೇಕು, ಗಾಳಿ ಆಡಬೇಕು, ಮರ ಬೆವರಬಾರದು. ಇಷ್ಟನ್ನು ಅರಿತು ಕಟ್ಟಿದ್ದರಿಂದಲೇ ಆರು ಶತಮಾನಗಳ ಮಳೆಯನ್ನು ಇದು ತಾಳಿಕೊಂಡಿದೆ. ಆದರೆ ಎಷ್ಟು ಜಾಣತನದಿಂದ ಕಟ್ಟಿದರೂ ಮರಕ್ಕೆ ಗೆದ್ದಲಿನ ಭಯ ತಪ್ಪದು, ಮಾಡಿಗೆ ಸೋರುವ ಸ್ವಭಾವ ತಪ್ಪದು. ತಲೆಮಾರಿನಿಂದ ತಲೆಮಾರಿಗೆ ಯಾರೋ ಏಣಿ ಹತ್ತಿ ನೋಡಿದ್ದಾರೆ. ಯಾರೋ ಜಂತಿ ಬದಲಿಸಿದ್ದಾರೆ. ಅವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ, ಕಾಪಾಡಿದವರ ಹೆಸರು ಕಟ್ಟಡದಲ್ಲೇ ಕರಗಿದೆ.

ಬಸದಿಗಳ ಹೊರಗೂ ಊರಿನ ಸಂಪತ್ತು ಹರಡಿಕೊಂಡಿದೆ. ಚೌಟ ಅರಸರ ಅರಮನೆಯ ಮರದ ಕಂಬಗಳಲ್ಲಿ ನವನಾರಿ ಕುಂಜರ, ಪಂಚನಾರಿ ತುರಗ ಎಂಬ ಅಪೂರ್ವ ಕೆತ್ತನೆಗಳಿವೆ. ಒಂಬತ್ತು ಸ್ತ್ರೀಯರ ಅಂಗಭಂಗಿಗಳಿಂದ ಆನೆಯೂ, ಐವರಿಂದ ಕುದುರೆಯೂ ಮೂಡಿಬಂದಿವೆ. ಪೋರ್ಚುಗೀಸರನ್ನು ಎದುರಿಸಿ ನಿಂತ ಉಳ್ಳಾಲದ ರಾಣಿ ಅಬ್ಬಕ್ಕ ಈ ಚೌಟ ವಂಶದವಳೇ ಎಂಬುದನ್ನು ಮರೆಯಲಾಗದು. ಕೊಡಂಗಲ್ಲಿನ ಕಡೆ ಹೋದರೆ ಅಂತಸ್ತಿನ ಮೇಲೆ ಅಂತಸ್ತಾಗಿ ಮೇಲೇರುವ ಸಮಾಧಿಗಳು ಕಾಣುತ್ತವೆ. ಬದುಕನ್ನು ವ್ರತದಿಂದ ಮುಗಿಸಿದ ಹಿರಿಯರ ನೆನಪುಗಳವು. ಅವುಗಳ ಎದುರು ನಿಂತವರಿಗೆ ಮಾತು ತಾನಾಗಿ ತಗ್ಗುತ್ತದೆ.

ಮೂಡಬಿದಿರೆಯ ಹೆಸರನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದ್ದು ಮಾತ್ರ ಕಲ್ಲೂ ಅಲ್ಲ, ಲೋಹವೂ ಅಲ್ಲ, ತಾಳೆಯ ಗರಿ. ಗಿರಿನಗರದ ಗುಹೆಯಲ್ಲಿ ಧರಸೇನಾಚಾರ್ಯರು ತಮ್ಮಲ್ಲಿ ಉಳಿದಿದ್ದ ಶ್ರುತವನ್ನು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಶಿಷ್ಯರಿಗೆ ಧಾರೆಯೆರೆದರು. ಆ ಶಿಷ್ಯರು ಅದನ್ನು ಷಟ್ಖಂಡಾಗಮವಾಗಿ ಗ್ರಂಥರೂಪಕ್ಕೆ ತಂದರು. ಅದಕ್ಕೆ ವೀರಸೇನಾಚಾರ್ಯರು ಬರೆದ ಧವಳಾ ಟೀಕೆ 816ರಲ್ಲಿ ಪೂರ್ಣವಾಯಿತು. ಅದರ ಪ್ರಮಾಣ 72,000 ಶ್ಲೋಕಗಳೆಂದು ಪರಿಗಣಿತವಾಗಿದೆ. ಗುಣಧರಾಚಾರ್ಯರ ಕಷಾಯಪಾಹುಡಕ್ಕೆ ಅವರೇ ಆರಂಭಿಸಿದ ಜಯಧವಳಾ ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು 837ರಲ್ಲಿ ಮುಗಿಸಿದರು. ಭೂತಬಲಿಗಳ ಮಹಾಬಂಧವು ಮಹಾಧವಳವೆಂದು ಪ್ರಸಿದ್ಧವಾಯಿತು. ಈ ಮಹಾಗ್ರಂಥಗಳ ಹಳಗನ್ನಡ ಲಿಪಿಯ ತಾಡಪತ್ರ ಪ್ರತಿಗಳು ಬೇರೆಲ್ಲಿಯೂ ಉಳಿಯದೆ ಮೂಡಬಿದಿರೆಯಲ್ಲಿ ಮಾತ್ರ ಉಳಿದುಕೊಂಡವು. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆಯೆಂಬ ಶ್ರಾವಕಿ. ಪಂಚಮಿಯ ವ್ರತದ ಉದ್ಯಾಪನೆಗಾಗಿ ಆಕೆ ಅದನ್ನು ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಒಬ್ಬ ಗೃಹಿಣಿಯ ವ್ರತ ಒಂದು ಆಗಮವನ್ನು ಉಳಿಸಿತು ಎಂದರೆ ಅತಿಶಯೋಕ್ತಿಯಾಗದು.

ಶತಮಾನಗಳ ಕಾಲ ಆ ಗರಿಗಳ ಕಟ್ಟುಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಯಾತ್ರಿಕರು ಕೈಮುಗಿದು ಮರಳುತ್ತಿದ್ದರು, ಓದುವವರು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿಯ ಶೇಠ್ ಮಾಣಿಕಚಂದರು, ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದರು ಯಾತ್ರೆಗೆ ಬಂದು ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ಅವರ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಶಾಸ್ತ್ರಿಗಳೂ ಲೇಖನಕ್ಕೆ ಕುಳಿತರು. 1922ರ ವೇಳೆಗೆ ಆ ಕೆಲಸ ಮುಗಿಯುವಷ್ಟರಲ್ಲಿ ಕಾಲು ಶತಮಾನ ಸಂದಿತ್ತು. ಪ್ರತಿಗಳು ಊರಿನಿಂದ ಹೊರಗೆ ಹೋಗಕೂಡದೆಂಬ ಕಟ್ಟುನಿಟ್ಟಿದ್ದಿತು. ಆದರೂ ಗಜಪತಿ ಶಾಸ್ತ್ರಿಗಳು ತಮ್ಮ ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಪ್ರತಿಗೆ ಪ್ರತಿಯಾಗಿ ಹಬ್ಬಿತು. ಅದರ ಆಧಾರದ ಮೇಲೆ ಡಾ. ಹೀರಾಲಾಲ ಜೈನರು 1939ರಲ್ಲಿ ಧವಳದ ಮೊದಲ ಸಂಪುಟವನ್ನು ಅಮರಾವತಿಯಿಂದ ಪ್ರಕಟಿಸಿದರು. ಮುಂದೆ ಮೂಡಬಿದಿರೆಯ ಹಿರಿಯರು ಮನಸ್ಸು ತೆರೆದು ಮೂಲಪ್ರತಿಗಳೊಡನೆ ಪಾಠವನ್ನು ಹೋಲಿಸಿ ನೋಡಲು ಅವಕಾಶವಿತ್ತರು. ಒಟ್ಟು 16 ಸಂಪುಟಗಳಲ್ಲಿ ಧವಳ ಬೆಳಕು ಕಂಡಿತು.

ಈ ಪ್ರಸಂಗದಲ್ಲಿ ಯಾರು ಸರಿ, ಯಾರು ತಪ್ಪು ಎಂದು ಇಂದು ತೀರ್ಪು ಕೊಡಲು ಹೊರಡುವುದು ಸಾಧುವಲ್ಲ. ಬಾಗಿಲು ಭದ್ರಪಡಿಸಿ ಕಾಯ್ದವರು ಇಲ್ಲದಿದ್ದರೆ ಪ್ರತಿ ಮಾಡಿಕೊಳ್ಳಲು ಗರಿಗಳೇ ಇರುತ್ತಿರಲಿಲ್ಲ. ಪ್ರತಿ ಮಾಡಿ ಹಂಚಿದವರು ಇಲ್ಲದಿದ್ದರೆ ಕಾಯ್ದ ಗರಿಗಳು ಪೂಜೆಯ ವಸ್ತುವಾಗಿಯೇ ಪುಡಿಯಾಗುತ್ತಿದ್ದವು. ಕಾಯುವುದೂ ಹಂಚುವುದೂ ಒಂದೇ ಶ್ರುತಭಕ್ತಿಯ ಎರಡು ಕೈಗಳು. ಮೂಡಬಿದಿರೆಯಲ್ಲಿ ಅವೆರಡೂ ಕೂಡಲು ಬಹುಕಾಲ ಹಿಡಿಯಿತು; ಕೂಡಿದ ಮೇಲೆ ಕಾರ್ಯ ಕೈಗೂಡಿತು. ಮುಂದೆ ವಿದ್ವಾನ್ ಕೆ. ಭುಜಬಲಿ ಶಾಸ್ತ್ರಿಗಳು ಈ ಭಾಗದ ಭಂಡಾರಗಳ ಗರಿಗಳನ್ನು ಕಟ್ಟುಕಟ್ಟಾಗಿ ಬಿಚ್ಚಿ ನೋಡಿ ಸಿದ್ಧಪಡಿಸಿದ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಊರಿನಲ್ಲಿ ಸ್ಥಾಪಿತವಾದ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನ ಅದೇ ದಾರಿಯ ಮುಂದಿನ ಹೆಜ್ಜೆ.

ಕನ್ನಡಿಗರಿಗೆ ಮೂಡಬಿದಿರೆಯೆಂದರೆ ರತ್ನಾಕರವರ್ಣಿಯ ಊರೂ ಹೌದು. ಹದಿನಾರನೆಯ ಶತಮಾನದಲ್ಲಿ ಆ ಕವಿ ಸಾಂಗತ್ಯದಲ್ಲಿ ರಚಿಸಿದ 'ಭರತೇಶ ವೈಭವ' ಭೋಗದ ನಡುವೆ ಯೋಗಿಯಾಗಿರುವ ಚಕ್ರವರ್ತಿಯ ಕಥೆ. ಸಂಪ್ರದಾಯಕ್ಕೆ ಒಪ್ಪದ ಮಾತಿದೆಯೆಂದು ಆ ಕಾವ್ಯಕ್ಕೆ ಆನೆಯ ಮೇಲಿನ ಮೆರವಣಿಗೆ ನಿರಾಕರಿಸಲ್ಪಟ್ಟಿತೆಂದೂ, ಕವಿ ಮುನಿದು ಮತವನ್ನೇ ಬಿಟ್ಟು ಮರಳಿ ಬಂದನೆಂದೂ ಐತಿಹ್ಯ ಹೇಳುತ್ತದೆ. ಆನೆಯೇರಿ ಮೆರೆದ ಎಷ್ಟೋ ಹೊತ್ತಿಗೆಗಳು ಮರೆತುಹೋದವು. 'ಭರತೇಶ ವೈಭವ' ಮಾತ್ರ ಮನೆಮನೆಯ ಓದಾಗಿ ಉಳಿಯಿತು. ತನ್ನ ಕಾಲದ ಹೊಸ ದನಿಗೆ ಊರು ಕಿವಿಗೊಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಇನ್ನು ಇಂದಿನ ಮೂಡಬಿದಿರೆ. 2011ರ ಜನಗಣತಿಯಲ್ಲಿ ಪುರಸಭೆಯ ವ್ಯಾಪ್ತಿಯ ಜನಸಂಖ್ಯೆ 30 ಸಾವಿರದ ಸಮೀಪಕ್ಕೆ ಬಂದಿತ್ತು. ಸಂಖ್ಯೆ ದೊಡ್ಡದಲ್ಲ, ಆದರೆ ಊರಿನ ಮುಖ ಬದಲಾದ ರೀತಿ ದೊಡ್ಡದು. 1965ರಲ್ಲಿ ಶ್ರೀ ಮಹಾವೀರ ಕಾಲೇಜು ಆರಂಭವಾದಾಗ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಪದವಿಯ ಬಾಗಿಲು ಹತ್ತಿರವಾಯಿತು. 1995ರಲ್ಲಿ ಡಾ. ಎಂ. ಮೋಹನ ಆಳ್ವರು ಸ್ಥಾಪಿಸಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ನಾಡಿನ ಎಲ್ಲ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಸಾವಿರಾರು ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತಂದಿತು. 2003ರಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ಜರಗಿತು. ಜೈನ ಸಾಹಿತ್ಯದಲ್ಲಿ ಆಳವಾದ ಪರಿಶ್ರಮವುಳ್ಳ ಡಾ. ಕಮಲಾ ಹಂಪನಾ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಮರುವರ್ಷದಿಂದ 'ಆಳ್ವಾಸ್ ನುಡಿಸಿರಿ' ಸಮ್ಮೇಳನಗಳು ಆರಂಭವಾದವು. 2018ರಲ್ಲಿ ಊರು ತಾಲೂಕು ಕೇಂದ್ರವಾಯಿತು. ಹೆದ್ದಾರಿ ಅಗಲವಾಗುತ್ತಿದೆ, ಗದ್ದೆಯಿದ್ದೆಡೆ ಬಹುಮಹಡಿಯ ಕಟ್ಟಡಗಳು ಏಳುತ್ತಿವೆ, ಸಂಜೆಯ ಪೇಟೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿಗಳ ಜತೆಗೆ ಹೊರನಾಡಿನ ನುಡಿಗಳೂ ಕೇಳಿಸುತ್ತವೆ. ಹಿಂದೆ ವ್ಯಾಪಾರ ಬೆಳೆಸಿದ ಊರನ್ನು ಈಗ ವಿದ್ಯೆ ಬೆಳೆಸುತ್ತಿದೆ. ಇದು ಸಂತೋಷದ ಸಂಗತಿ.

ಸಂತೋಷದೊಡನೆ ಚಿಂತೆಯೂ ಇದೆ. ಒಂದೊಂದು ಬಸದಿಯ ಹಿಂದೆಯೂ ಒಂದೊಂದು ಮನೆತನವಿದ್ದಿತು, ಉಂಬಳಿಯಿದ್ದಿತು. ಗೇಣಿಯ ಅಕ್ಕಿಯಿಂದ ನೈವೇದ್ಯವೂ, ಇಂದ್ರರ ಜೀವನವೂ, ಮಾಡಿನ ದುರಸ್ತಿಯೂ ಸಾಗುತ್ತಿದ್ದವು. ಭೂಸುಧಾರಣೆಯ ಅನಂತರ ಆ ವ್ಯವಸ್ಥೆ ಹಿಂದಿನಂತೆ ಉಳಿಯಲಿಲ್ಲ. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ. ಆದರೆ ಬಸದಿಯ ನಿತ್ಯದ ಖರ್ಚಿಗೆ ಬದಲಿ ದಾರಿಯನ್ನು ಸಮಾಜ ತಾನೇ ಕಂಡುಕೊಳ್ಳಬೇಕಾಯಿತು. ಮನೆಗಳ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಮುಂಬಯಿ, ಪರದೇಶಗಳನ್ನು ಸೇರಿದರು. ಹಬ್ಬಕ್ಕೆ ಬರುವವರಿದ್ದಾರೆ, ಹಗಲಿರುಳು ಇರುವವರು ಕಡಿಮೆ. 2013ರ ಜುಲೈ ತಿಂಗಳಲ್ಲಿ ಸಿದ್ಧಾಂತ ಬಸದಿಯಲ್ಲಿ ಅಮೂಲ್ಯ ಜಿನಬಿಂಬಗಳ ಕಳವು ನಡೆದಾಗ ಇಡೀ ಸಮಾಜ ತಲ್ಲಣಿಸಿತು. ಬೀಗ, ಕಾವಲು, ಯಂತ್ರಗಳು ಅವಶ್ಯವೇ. ಆದರೆ ದಿನವೂ ನಾಲ್ಕು ಜನ ಬಂದುಹೋಗುವ ಬಸದಿಗೆ ಆ ನಾಲ್ವರ ಕಣ್ಣುಗಳೇ ಮೊದಲ ಕಾವಲು ಎಂಬುದನ್ನೂ ನೆನೆಯಬೇಕು.

ಕೆರೆಗಳ ವಿಷಯವೂ ಇದೇ. ಹದಿನೆಂಟು ಕೆರೆಗಳ ಲೆಕ್ಕ ಬಾಯಲ್ಲಿ ಉಳಿದರೆ ಸಾಲದು, ನೆಲದಲ್ಲಿ ಉಳಿಯಬೇಕು. ಕಟ್ಟಡ ಹೆಚ್ಚಿದಷ್ಟೂ ಮಳೆಯ ನೀರು ಇಂಗುವ ನೆಲ ಕಡಿಮೆಯಾಗುತ್ತದೆ. ಹರಿಯುವ ತೋಡು ಕಿರಿದಾಗುತ್ತದೆ. ಮಳೆಯ ನಾಡಿನಲ್ಲಿಯೂ ವೈಶಾಖದಲ್ಲಿ ಬಾವಿ ಬತ್ತುವುದು ಇದರಿಂದಲೇ. ಕೆರೆ ಹೋದರೆ ಬಸದಿಯ ಬಾವಿಯೂ ಹೋಗುತ್ತದೆ, ಅಭಿಷೇಕದ ಜಲವನ್ನು ಹೊರಗಿನಿಂದ ತರಬೇಕಾಗುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವವರು ಜಲಕಾಯಿಕ, ಭೂಕಾಯಿಕ ಜೀವಗಳನ್ನೂ ಲೆಕ್ಕಕ್ಕೆ ಹಿಡಿದವರು. ಊರಿನ ಕೆರೆಯೊಂದನ್ನು ಉಳಿಸುವುದು ಅವರ ಪಾಲಿಗೆ ಪುರಸಭೆಯ ಕೆಲಸ ಮಾತ್ರವಲ್ಲ, ವ್ರತದ ಅಂಗವೂ ಹೌದು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಪ್ರತಿಷ್ಠೆಯ ದಿನ ಸಂಗ್ರಹವಾಗುವ ಧನದಲ್ಲಿ ಒಂದು ಪಾಲನ್ನು ಮಾಡಿನ ನಿಧಿಯೆಂದು ಬೇರೆಯಾಗಿಡಬೇಕು. ಅದನ್ನು ಬಣ್ಣಕ್ಕಾಗಲಿ ದೀಪಾಲಂಕಾರಕ್ಕಾಗಲಿ ಮುಟ್ಟಕೂಡದು. ಅದರ ಬಡ್ಡಿ ಮಳೆಗೆ ಮುನ್ನಿನ ದುರಸ್ತಿಗೆ ಮೀಸಲು. ಎರಡನೆಯದಾಗಿ, ಹಳೆಯ ಬಸದಿಯ ಜೀರ್ಣೋದ್ಧಾರ ಮಾಡುವಾಗ ಮರವಿದ್ದೆಡೆ ಸಿಮೆಂಟು, ಮುರಕಲ್ಲಿದ್ದೆಡೆ ನುಣುಪಿನ ಹಾಸುಗಲ್ಲು ಹಾಕುವ ಅವಸರ ಬೇಡ. ಬಲ್ಲವರನ್ನು ಕೇಳಿ, ಇರುವುದನ್ನು ಆದಷ್ಟು ಇದ್ದಂತೆಯೇ ಗಟ್ಟಿಮಾಡುವುದು ನಿಜವಾದ ಉದ್ಧಾರ. ಮೂರನೆಯದಾಗಿ, ಪ್ರತಿಯೊಂದು ಬಸದಿಯ ಬಿಂಬ, ಶಾಸನ, ಗರಿ, ಪಾತ್ರೆಗಳ ವಿವರವನ್ನೂ ಛಾಯಾಚಿತ್ರಗಳನ್ನೂ ಒಂದು ಪುಸ್ತಕದಲ್ಲಿ ದಾಖಲಿಸಿ ಎರಡು ಕಡೆ ಇಡಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಜ್ಯೇಷ್ಠ ಶುದ್ಧ ಪಂಚಮಿ, ಅಂದರೆ ಶ್ರುತಪಂಚಮಿಯ ದಿನ, ಶಾಸ್ತ್ರಕ್ಕೆ ಅರ್ಘ್ಯ ಎತ್ತುವುದರೊಂದಿಗೆ ಮಕ್ಕಳಿಗೆ ಹಳಗನ್ನಡ ಲಿಪಿಯ ನಾಲ್ಕು ಅಕ್ಷರಗಳನ್ನು ಕಲಿಸಬೇಕು. ಸಾವಿರಾರು ವಿದ್ಯಾರ್ಥಿಗಳು ಓದುವ ನಗರದಲ್ಲಿ ಗರಿ ಓದುವವರು ಹತ್ತು ಮಂದಿಯಾದರೂ ಪ್ರತಿ ತಲೆಮಾರಿನಲ್ಲಿ ಹುಟ್ಟದಿದ್ದರೆ, ಅಷ್ಟೊಂದು ಕಷ್ಟಪಟ್ಟು ತೆರೆದ ಭಂಡಾರ ಬೀಗವಿಲ್ಲದೆಯೇ ಮತ್ತೆ ಮುಚ್ಚಿಹೋಗುತ್ತದೆ. ಈ ವಿದ್ಯಾರ್ಥಿಗಳಲ್ಲಿ ಜೈನರಲ್ಲದವರೇ ಬಹುಮಂದಿ. ಆಸಕ್ತಿಯಿಂದ ಬಂದವರಿಗೆ ಬಾಗಿಲು ತೆರೆದಿರಲಿ. ಹುಲಿಯೂ ಹಸುವೂ ಒಂದೆಡೆ ನೀರು ಕುಡಿದ ನೆಲದಲ್ಲಿ ಜ್ಞಾನದ ನೀರಿಗೆ ಬೇಲಿ ಸಲ್ಲದು.

ಈ ನಾಲ್ಕು ಮಾತುಗಳು ಮೂಡಬಿದಿರೆಗೆ ಮಾತ್ರ ಸಲ್ಲುವಂಥವಲ್ಲ. ಬಸದಿಯಿರುವ ಪ್ರತಿಯೊಂದು ಊರೂ ಇಂದು ಅಷ್ಟಿಷ್ಟು ಬೆಳೆಯುತ್ತಿದೆ. ಪ್ರತಿಯೊಂದು ಊರಿನಲ್ಲಿಯೂ ಜೈನರ ಮನೆಗಳು ಕೆಲವೇ ಇವೆ. ಮನೆಗಳು ಕೆಲವೇ ಎಂಬುದು ಎದೆಗುಂದಲು ಕಾರಣವಾಗಬೇಕಾಗಿಲ್ಲ. ಮಲ್ಲಿಕಬ್ಬೆ ಒಬ್ಬಳೇ ಇದ್ದಳು. ಗರಿಗಳ ಎದುರು ಕುಳಿತ ಲೇಖಕರು ಇಬ್ಬರು ಮೂವರು. ಸಂಖ್ಯೆಗಿಂತ ಸಂಕಲ್ಪ ದೊಡ್ಡದೆಂಬುದನ್ನು ಅವರು ತೋರಿಸಿಕೊಟ್ಟರು.

ಇಂದು ಪ್ರತಿಷ್ಠಾಪಿತವಾಗುವ ಬಿಂಬದ ಪೀಠದಲ್ಲಿ ದಾನಿಗಳ ಹೆಸರು ಉಳಿಯುವುದು ಯೋಗ್ಯವೇ. ನಾಳೆಯಿಂದ ಪ್ರತಿದಿನ ಬಾಗಿಲು ತೆರೆಯುವವರ, ಕಸ ಗುಡಿಸುವವರ, ಎಣ್ಣೆ ತರುವವರ, ಏಣಿ ಹತ್ತುವವರ ಸಾಲಿನಲ್ಲಿ ಪ್ರತಿಯೊಂದು ಮನೆಯ ಹೆಸರೂ ಒಮ್ಮೆಯಾದರೂ ಬರಲಿ. ಆ ಸಾಲು ಕಡಿಯದಿದ್ದಷ್ಟು ಕಾಲ ಪ್ರತಿಷ್ಠೆ ಮುಗಿಯಿತೆಂಬುದಿಲ್ಲ.

ಜೈನಂ ಜಯತು ಶಾಸನಮ್.